ಮಗಳಿಗೆ ಫಂಕ್ಷನ್ ಗ್ರಾಫ್ ತಲೆಗೆ ಹತ್ತುತ್ತಿಲ್ಲ. ಚುಕ್ಕೆ ಇಟ್ಟು ಸೇರಿಸಿದರೆ ಸಾಲದಾ?

ಠಾಣೆ_ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದಳು. ಈಗ ಇಲ್ಲೇ ಜೂನಿಯರ್ ಕಾಲೇಜಿನಲ್ಲಿ ಹನ್ನೊಂದನೇ ಸೈನ್ಸ್. ಲೆಕ್ಕ ಅವಳಿಗೆ ಇಷ್ಟ, ಸಮೀಕರಣ ಬಿಡಿಸುವುದರಲ್ಲಿ ಚುರುಕು. ಆದರೆ ಗ್ರಾಫ್ ಬಂದ ಕೂಡಲೇ ಅಳು ಬರುತ್ತದೆ.

ಎರಡು ಉದಾಹರಣೆ ಕೊಡುತ್ತೇನೆ. ವೈ = 1/ಎಕ್ಸ್ ಬರೆಯಲು ಹೇಳಿದ್ದರು. ಅವಳು −2, −1, 1, 2 ಹಾಕಿ ಟೇಬಲ್ ಮಾಡಿದಳು. ನಾಲ್ಕು ಚುಕ್ಕೆಯೂ ಸರಿಯಾಗಿಯೇ ಬಂದವು. ಆಮೇಲೆ ನಾಲ್ಕನ್ನೂ ಸೇರಿಸಿ ನಡುವೆ ಸೊನ್ನೆಯ ಮೇಲೆ ಹಾಯುವಂತೆ ಗೆರೆ ಎಳೆದಳು. ಟ್ಯೂಷನ್‌ನಲ್ಲಿ ಕೆಂಪು ಪೆನ್ನಿಂದ ಅಡ್ಡ ಹೊಡೆದು ಕಳಿಸಿದ್ದಾರೆ, ಯಾಕೆ ಎಂದು ಹೇಳಿಲ್ಲ. ಎರಡನೆಯದು, ಎಫ್(ಎಕ್ಸ್) ಇದ್ದದ್ದು ಎಫ್(ಎಕ್ಸ್ − 3) ಆದರೆ ಗ್ರಾಫ್ ಬಲಕ್ಕೆ ಹೋಗುತ್ತದಂತೆ. "ಮೈನಸ್ ಅಂದ್ರೆ ಎಡಕ್ಕೆ ಅಲ್ವಾ ಅಮ್ಮಾ?" ಎಂದು ಕೇಳುತ್ತಾಳೆ. ನಾನು ಕಾಮರ್ಸ್ ಓದಿದವಳು, ಅಕೌಂಟ್ಸ್ ಕೆಲಸ. ಹೇಗೆ ಕೂರಿಸಿ ಹೇಳಲಿ? ಫೋನಿನಲ್ಲಿ ಗ್ರಾಫ್ ಬರೆದು ತೋರಿಸುವ ಡೆಸ್ಮಾಸ್ ಆ್ಯಪ್ ಹಾಕಿಕೊಡಲಾ, ಗ್ರಾಫ್ ಪೇಪರೇ ಸರಿಯಾ?

ಚೆಂಬೂರು_ಹುಡುಗ
ಡೆಸ್ಮಾಸ್ ಹಾಕಿ ಅಕ್ಕ, ಮುಗೀತು.

ಮಾತುಂಗಾ_ಮೇಷ್ಟ್ರು
ಅಷ್ಟು ಬೇಗ ಮುಗಿಯುವುದಿಲ್ಲ ತಮ್ಮಾ. ಅಮ್ಮ, ನಿಮ್ಮ ಮಗಳ ಚುಕ್ಕೆಗಳು ಸರಿ ಇವೆ ಎಂದು ನೀವೇ ಹೇಳಿದ್ದೀರಿ. ಹಾಗಾದರೆ ಅವಳ ಲೆಕ್ಕಕ್ಕೆ ಏನೂ ಆಗಿಲ್ಲ. ಟೇಬಲ್ ಹಾಕುವ ಮೊದಲು ಕೇಳಬೇಕಾದ ಒಂದು ಪ್ರಶ್ನೆಯನ್ನು ಅವಳಿಗೆ ಯಾರೂ ಕಲಿಸಿಲ್ಲ: ಎಕ್ಸ್ ಎಲ್ಲಿಗೆ ಹೋಗುವ ಹಾಗಿಲ್ಲ?

1/ಎಕ್ಸ್‌ನಲ್ಲಿ ಎಕ್ಸ್ ಸೊನ್ನೆ ಆಗುವ ಹಾಗಿಲ್ಲ. ಅಂದ ಮೇಲೆ ಸೊನ್ನೆಯ ಮೇಲೆ ಗೆರೆ ಹಾಯುವ ಮಾತೇ ಇಲ್ಲ. ಇದನ್ನು ನೀವು ಬಾಯಲ್ಲಿ ಹೇಳಬೇಡಿ. ಅವಳ ಕೈಯಲ್ಲೇ ಮಾಡಿಸಿ. ಎಕ್ಸ್‌ಗೆ 0.5 ಹಾಕಿದರೆ 2 ಬರುತ್ತದೆ. 0.1ಕ್ಕೆ 10. 0.01ಕ್ಕೆ 100. ಈಗ ಆಚೆ ಕಡೆಯಿಂದ −0.1 ಹಾಕಲಿ, −10. −0.01ಕ್ಕೆ −100. ಬಲದಿಂದ ಸೊನ್ನೆಯ ಹತ್ತಿರ ಬಂದರೆ ಮೇಲಕ್ಕೆ, ಎಡದಿಂದ ಬಂದರೆ ಕೆಳಕ್ಕೆ. ಎರಡು ತುಂಡುಗಳು ಬೇರೆ ಬೇರೆ ಎಂಬುದು ಅವಳಿಗೇ ಕಾಣುತ್ತದೆ.

−2, −1, 1, 2 ಎಂಬ ಟೇಬಲ್‌ನ ತೊಂದರೆ ಇದೇ. ವಿಷಯ ನಡೆಯುವುದು −1 ಮತ್ತು 1ರ ಮಧ್ಯೆ, ಟೇಬಲ್ ಅಲ್ಲಿಗೆ ಹೋಗುವುದೇ ಇಲ್ಲ.

ಬೋರಿವಲಿ_ಟ್ಯೂಷನ್
ಮೇಷ್ಟ್ರ ಮಾತಿಗೆ ಪೂರ್ತಿ ಒಪ್ಪಿಗೆ. ನನ್ನ ಹತ್ತಿರ ಬರುವ ಮಕ್ಕಳೂ ಎಲ್ಲದಕ್ಕೂ −2ರಿಂದ 2ರವರೆಗೆ ಹಾಕುತ್ತಾರೆ. √(ಎಕ್ಸ್ − 5)ಕ್ಕೂ ಅದನ್ನೇ ಹಾಕಿ, ಉತ್ತರ ಬರಲಿಲ್ಲ ಎಂದು ಕೂರುತ್ತಾರೆ. ಅದರ ಗ್ರಾಫ್ ಶುರುವಾಗುವುದೇ 5ರಿಂದ.

ಚಿಂಚವಡ_ಲೇತ್
ಎಫ್(ಎಕ್ಸ್ − 3) ಬಗ್ಗೆ ನಾನು ಹೇಳುತ್ತೇನೆ ಅಕ್ಕಾರ. ಎರಡು ಟೇಬಲ್ ಪಕ್ಕ ಪಕ್ಕ ಬರೆಸ್ರಿ. ಒಂದು ಎಕ್ಸ್², ಇನ್ನೊಂದು (ಎಕ್ಸ್ − 3)². ಮೊದಲನೆಯದು ಸೊನ್ನೆ ಆಗುವುದು ಎಕ್ಸ್ = 0 ಇದ್ದಾಗ. ಎರಡನೆಯದು ಸೊನ್ನೆ ಆಗಬೇಕಾದರೆ ಎಕ್ಸ್ 3 ಆಗಬೇಕು. ಮೊದಲನೆಯದರಲ್ಲಿ 4 ಬರುವುದು 2ಕ್ಕೆ, ಎರಡನೆಯದರಲ್ಲಿ 5ಕ್ಕೆ. ಅದೇ ಎತ್ತರ ಮುಟ್ಟಬೇಕಾದರೆ ಪ್ರತಿ ಸಲ 3 ಮುಂದೆ ಹೋಗಬೇಕು. ಅದಕ್ಕೇ ಬಲಕ್ಕೆ. ಮೈನಸ್ ಗುರುತು ನೋಡಿ ದಿಕ್ಕು ಹೇಳಬಾರದು, ಸೊನ್ನೆ ಎಲ್ಲಿಗೆ ಹೋಯಿತು ಅಂತ ನೋಡಬೇಕು.

ಚೆಂಬೂರು_ಹುಡುಗ
ಇದನ್ನೇ ಡೆಸ್ಮಾಸ್‌ನಲ್ಲಿ ಸ್ಲೈಡರ್ ಇಟ್ಟು ಎಳೆದರೆ ಗ್ರಾಫ್ ಕಣ್ಣೆದುರೇ ಜಾರುತ್ತದೆ. ಟೇಬಲ್ ಬರೆದು ಯಾಕೆ ಹೊತ್ತು ಹಾಳು ಮಾಡಬೇಕು?

ಬೋರಿವಲಿ_ಟ್ಯೂಷನ್
ಯಾಕೆಂದರೆ ಪರೀಕ್ಷೆ ಹಾಲ್‌ಗೆ ಫೋನ್ ಬಿಡುವುದಿಲ್ಲ.

ಚೆಂಬೂರು_ಹುಡುಗ
ಪರೀಕ್ಷೆಗೆ ಮಾತ್ರ ಕಲಿಯುವುದಾ? ಜಾರುವುದನ್ನು ನೋಡಿದವನಿಗೆ ಜನ್ಮದಲ್ಲಿ ಮರೆಯುವುದಿಲ್ಲ.

ಬೋರಿವಲಿ_ಟ್ಯೂಷನ್
ನೋಡಿದ್ದು ಮರೆಯುತ್ತದೆ, ಮಾಡಿದ್ದು ಉಳಿಯುತ್ತದೆ. ಡೆಸ್ಮಾಸ್ ಬೇಡ ಎನ್ನುತ್ತಿಲ್ಲ. ಜಿಯೋಜೀಬ್ರಾ ಕೂಡ ಚೆನ್ನಾಗಿದೆ, ಎರಡೂ ಫ್ರೀ. ಆದರೆ ಕ್ರಮ ಇರಲಿ. ಮೊದಲು ಕಾಗದದ ಮೇಲೆ ಅಂದಾಜು ಗ್ರಾಫ್ ಬರೆಯಬೇಕು. ಎಲ್ಲಿ ಅಕ್ಷ ದಾಟುತ್ತದೆ, ತುದಿಯಲ್ಲಿ ಎತ್ತ ಹೋಗುತ್ತದೆ ಎಂದು ಬಾಯಲ್ಲಿ ಹೇಳಬೇಕು. ಆಮೇಲೆ ಫೋನ್ ತೆಗೆದು ತಾಳೆ ನೋಡಬೇಕು. ಮೊದಲೇ ಫೋನ್ ತೆಗೆದರೆ ತಲೆ ಕೆಲಸವನ್ನೇ ಮಾಡುವುದಿಲ್ಲ.

ಮಾತುಂಗಾ_ಮೇಷ್ಟ್ರು
ಫೋನ್ ನಂಬಿದರೆ ಇನ್ನೊಂದು ತೊಂದರೆಯೂ ಇದೆ. (ಎಕ್ಸ್² − 4)/(ಎಕ್ಸ್ − 2) ಹಾಕಿ ನೋಡು ತಮ್ಮಾ. ನೀಟಾಗಿ ಒಂದು ನೇರ ಗೆರೆ ಬರುತ್ತದೆ. ನಿಜವಾಗಿ ಎಕ್ಸ್ = 2ರಲ್ಲಿ, 4ರ ಎತ್ತರದಲ್ಲಿ ಒಂದು ತೂತು ಇರಬೇಕು. ಅದು ಒಂದೇ ಚುಕ್ಕೆಯಷ್ಟಿರುವುದರಿಂದ ಸುಮ್ಮನೆ ನೋಡಿದರೆ ಕಾಣುವುದಿಲ್ಲ. ಸಮೀಕರಣ ಓದಿದವರಿಗೆ ಮಾತ್ರ ಗೊತ್ತಾಗುತ್ತದೆ.

ನವಿ_ಮುಂಬಯಿ_99
ಕೆಳಗಿನದು ಸೊನ್ನೆಯಾದ ಕಡೆಯೆಲ್ಲ ಗ್ರಾಫ್ ಆಕಾಶಕ್ಕೆ ಹೋಗುತ್ತದೆ ಅಲ್ವಾ ಸರ್? ಗ್ರಾಫ್ ಹತ್ತಿರ ಹತ್ತಿರ ಹೋಗುವ ಆ ಗೆರೆಗೆ ಅಸಿಂಪ್ಟೋಟ್ ಅನ್ನುತ್ತಾರಲ್ಲ?

ಮಾತುಂಗಾ_ಮೇಷ್ಟ್ರು
ಎಲ್ಲ ಕಡೆಯೂ ಇಲ್ಲ. 1/(ಎಕ್ಸ್ − 2)ರಲ್ಲಿ ಹೋಗುತ್ತದೆ. (ಎಕ್ಸ್² − 4)/(ಎಕ್ಸ್ − 2)ರಲ್ಲಿ ಮೇಲಿನದೂ ಅದೇ ಜಾಗದಲ್ಲಿ ಸೊನ್ನೆ. ಎಕ್ಸ್ − 2 ಮೇಲೆ ಕೆಳಗೆ ಹೊಡೆದುಹೋಗಿ ಎಕ್ಸ್ + 2 ಉಳಿಯುತ್ತದೆ. ಅಲ್ಲಿ ತೂತು ಮಾತ್ರ. ಅದಕ್ಕೇ ಮೊದಲು ಅಪವರ್ತನ ಮಾಡಿ, ಆಮೇಲೆ ಮಾತಾಡಿ ಎನ್ನುವುದು.

ಪುಣೆ_ಸಿಇಟಿ
ನಾನು ಹನ್ನೆರಡನೇ ಕ್ಲಾಸ್, ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ ಸಿಇಟಿಯ ತಯಾರಿ ನಡೆದಿದೆ. ನೀವೆಲ್ಲ ಹೇಳುವುದು ಕೇಳಲು ಚಂದ. ಸಿಇಟಿಯಲ್ಲಿ ಗಣಿತಕ್ಕೆ 50 ಪ್ರಶ್ನೆ, 90 ನಿಮಿಷ. ಒಂದು ಪ್ರಶ್ನೆಗೆ ಎರಡು ನಿಮಿಷವೂ ಸಿಗುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಎಲ್ಲ ಆಕಾರ ಬಾಯಿಪಾಠ ಮಾಡಿಸುತ್ತಾರೆ. ಅದೇ ಬೇಗ ಆಗುತ್ತದೆ. ತಂಗಿಗೂ ಅದನ್ನೇ ಹೇಳಿ ಆಂಟಿ.

ಚಿಂಚವಡ_ಲೇತ್
ಹಂಗಾದರ ಎಫ್(2ಎಕ್ಸ್ − 6) ಎಷ್ಟು ಬಲಕ್ಕೆ ಹೋಗುತ್ತದೆ ಹೇಳಪ್ಪಾ.

ಪುಣೆ_ಸಿಇಟಿ
6 ಬಲಕ್ಕೆ, ಆಮೇಲೆ ಅಗಲ ಅರ್ಧ.

ಚಿಂಚವಡ_ಲೇತ್
ಅದೇ ಕ್ರಮದಲ್ಲಿ ಮಾಡಿದರೆ ಸರಿ. ಮೊದಲು 6 ಸರಿಸಿ ಆಮೇಲೆ ಕುಗ್ಗಿಸಿದರೆ ಆ 6 ಕೂಡ ಕುಗ್ಗಿ 3 ಆಗುತ್ತದೆ. ಮೊದಲು ಕುಗ್ಗಿಸಿ ಆಮೇಲೆ 6 ಸರಿಸಿದರೆ ತಪ್ಪು ಜಾಗದಲ್ಲಿ ಕೂರುತ್ತದೆ. 2 ಹೊರಗೆ ತೆಗೆದು ಎಫ್(2(ಎಕ್ಸ್ − 3)) ಎಂದು ಬರೆದರೆ ಗೊಂದಲವೇ ಇಲ್ಲ: ಅರ್ಧ ಕುಗ್ಗಿಸು, 3 ಬಲಕ್ಕೆ ಸರಿಸು. ಒಳಗಿನ 2ಎಕ್ಸ್ − 6 ಸೊನ್ನೆ ಆಗುವುದೂ 3ರಲ್ಲೇ. ಬಾಯಿಪಾಠದಲ್ಲಿ ಈ ಕ್ರಮವೇ ಮೊದಲು ಮರೆಯುತ್ತದೆ.

ಬೋರಿವಲಿ_ಟ್ಯೂಷನ್
ಸಿಇಟಿಗೂ ಓದುವ ಪದ್ಧತಿಯೇ ಬೇಗ ಆಗುತ್ತದೆ ಮಗಾ. (2ಎಕ್ಸ್² + 1)/(ಎಕ್ಸ್² − 4) ಯಾವ ಗ್ರಾಫ್ ಎಂದು ನಾಲ್ಕು ಚಿತ್ರ ಕೊಟ್ಟಿದ್ದಾರೆ ಅಂದುಕೋ. ಎಕ್ಸ್ = 0 ಹಾಕು, −1/4. ಸೊನ್ನೆಯಲ್ಲಿ ಗೆರೆ ಕೆಳಗಿಲ್ಲದ ಚಿತ್ರ ಹೋಯಿತು. ಎಕ್ಸ್ ತುಂಬಾ ದೊಡ್ಡದಾದರೆ ಉತ್ತರ 2ರ ಹತ್ತಿರ ಬರುತ್ತದೆ. ಅದಿಲ್ಲದ್ದೂ ಹೋಯಿತು. 2 ಮತ್ತು −2ರಲ್ಲಿ ಅಸಿಂಪ್ಟೋಟ್ ಇರಬೇಕು. ಅರ್ಧ ನಿಮಿಷವೂ ಬೇಡ. ಬಾಯಿಪಾಠದ ಪಟ್ಟಿಯಲ್ಲಿ ಈ ಫಂಕ್ಷನ್ ಇರುವುದೇ ಇಲ್ಲ.

ಪುಣೆ_ಸಿಇಟಿ
ಇದು ಚೆನ್ನಾಗಿದೆ ಮೇಡಂ. ಆದರೂ ಎಕ್ಸ್², ಎಕ್ಸ್³, √ಎಕ್ಸ್, |ಎಕ್ಸ್|, 1/ಎಕ್ಸ್, 2ರ ಘಾತ ಎಕ್ಸ್, ಲಾಗ್ ಇಷ್ಟು ಕಣ್ಣಲ್ಲಿ ಇರಲೇಬೇಕು. ಇದನ್ನು ಬಿಟ್ಟುಕೊಡುವುದಿಲ್ಲ.

ಬೋರಿವಲಿ_ಟ್ಯೂಷನ್
ಅದು ಬೇಕೇ ಬೇಕು. ಲಾಗ್‌ನದನ್ನು ಬೇರೆ ನೆನಪಿಡಬೇಕಿಲ್ಲ. 2ರ ಘಾತದ ಗ್ರಾಫನ್ನು ವೈ = ಎಕ್ಸ್ ಗೆರೆಯ ಮೇಲೆ ಮಡಚಿದರೆ ಲಾಗ್ ಬರುತ್ತದೆ. ತೆಳು ಕಾಗದದಲ್ಲಿ ಮಾಡಿಸಿದರೆ ಮಕ್ಕಳು ಮರೆಯುವುದಿಲ್ಲ.

ಡೊಂಬಿವಲಿ_ರಾಯರು
ನನಗೆ ಈ ಸರಿಸುವ ನಿಯಮಗಳೇ ಎರಡೆರಡು ಇರುವುದು ಇಷ್ಟವಿಲ್ಲ. ಹೊರಗೆ +2 ಬಂದರೆ ಮೇಲಕ್ಕೆ, ಅಂದರೆ ಗುರುತಿನಂತೆಯೇ. ಒಳಗೆ −3 ಬಂದರೆ ಬಲಕ್ಕೆ, ಅಂದರೆ ಗುರುತಿಗೆ ಉಲ್ಟಾ. ಮಕ್ಕಳಿಗೆ ಗೊಂದಲ ಆಗದೆ ಇನ್ನೇನಾಗುತ್ತದೆ?

ವೈ = ಎಫ್(ಎಕ್ಸ್ − 3) + 2 ಎಂಬುದನ್ನು ವೈ − 2 = ಎಫ್(ಎಕ್ಸ್ − 3) ಎಂದು ಬರೆಯಿರಿ. ಈಗ ಎರಡೂ ಕಡೆ ಒಂದೇ ನಿಯಮ. ಎಕ್ಸ್ ಇದ್ದಲ್ಲಿ ಎಕ್ಸ್ − 3 ಬಂತು, 3 ಬಲಕ್ಕೆ. ವೈ ಇದ್ದಲ್ಲಿ ವೈ − 2 ಬಂತು, 2 ಮೇಲಕ್ಕೆ. ಕಳೆದರೆ ಎರಡೂ ಪ್ಲಸ್ ಕಡೆಗೇ ಸರಿಯುತ್ತವೆ. ವೃತ್ತಕ್ಕೂ ಇದೇ. (ಎಕ್ಸ್ − 3)² + (ವೈ − 2)² = 25 ಎಂದರೆ ಮಧ್ಯದ ಚುಕ್ಕೆ (3, 2), ತ್ರಿಜ್ಯ 5. ಹನ್ನೊಂದರಲ್ಲಿ ವೃತ್ತದ ಪಾಠವೂ ಇದೆ. ಎರಡಕ್ಕೂ ಒಂದೇ ಮಾತು ಸಾಕು.

ಠಾಣೆ_ಅಮ್ಮ
ರಾಯರೇ, ಇದು ನನಗೇ ಅರ್ಥವಾಯಿತು! ತುಂಬಾ ಉಪಕಾರ ಆಯಿತು.

ವಾಸ್ಕೋ_ಬಂದರು
ಗೋವಾದಿಂದ ಬರೆಯುತ್ತಿದ್ದೇನೆ. ನಾನು ಕೆಲಸ ಮಾಡಿಕೊಂಡು ಹೊರಗಿನಿಂದ ಡಿಗ್ರಿಗೆ ಕಟ್ಟಿದ್ದೇನೆ, ಮೊದಲ ವರ್ಷದಲ್ಲೇ ಬೀಜಗಣಿತ ಇದೆ. ವರ್ಗ ಸಮೀಕರಣದ ಗ್ರಾಫ್ ಬೇಗ ಬರೆಯುವ ದಾರಿ ಹೇಳ್ತೀರಾ? ವೈ = ಎಕ್ಸ್² − 6ಎಕ್ಸ್ + 5 ಅಂತ ಒಂದಿದೆ. ಟೇಬಲ್ ಹಾಕಿದರೆ ರಾತ್ರಿ ಪೂರ್ತಿ ಹೋಗುತ್ತದೆ.

ನವಿ_ಮುಂಬಯಿ_99
ತುದಿಯ ಎಕ್ಸ್ ಎಂದರೆ −ಬಿ/(2ಎ); ಎ ಎಕ್ಸ್²ನ ಗುಣಾಂಕ, ಬಿ ಎಕ್ಸ್‌ನದು. ಇಲ್ಲಿ 3. ಅದನ್ನು ಹಾಕಿದರೆ −4. ತುದಿ (3, −4).

ಡೊಂಬಿವಲಿ_ರಾಯರು
ಸೂತ್ರ ಸರಿ, ಆದರೆ ವರ್ಗ ಪೂರ್ಣ ಮಾಡಿ ನೋಡಿ. (ಎಕ್ಸ್ − 3)² − 4. ಇದು ಮೇಲೆ ಹೇಳಿದ ಸರಿಸುವ ಕೆಲಸವೇ. ಎಕ್ಸ್²ನ್ನು 3 ಬಲಕ್ಕೆ, 4 ಕೆಳಕ್ಕೆ. ತುದಿ (3, −4) ತಾನಾಗಿ ಬಂತು. ಸೊನ್ನೆ ಆಗುವುದು ಎಕ್ಸ್ − 3 = ±2 ಆದಾಗ, ಅಂದರೆ 1 ಮತ್ತು 5. ಎಕ್ಸ್ = 0 ಹಾಕಿದರೆ 5. ನಡುಗೆರೆ ಎಕ್ಸ್ = 3 ಆದ್ದರಿಂದ ಆಚೆ ಕಡೆ ಎಕ್ಸ್ = 6ರಲ್ಲೂ 5. ಐದು ಚುಕ್ಕೆ ಸಿಕ್ಕವು. ಟೇಬಲ್ ಬೇಡ, ರಾತ್ರಿ ನಿದ್ದೆ ಮಾಡಿ.

ಇದರ ಪಕ್ಕದಲ್ಲೇ ಎಕ್ಸ್² − 6ಎಕ್ಸ್ + 9 ಮತ್ತು ಎಕ್ಸ್² − 6ಎಕ್ಸ್ + 13 ಕೂಡ ಬರೆಯಿರಿ. ಮೊದಲನೆಯದು (ಎಕ್ಸ್ − 3)², ಅಕ್ಷವನ್ನು 3ರಲ್ಲಿ ಮುಟ್ಟಿ ಮೇಲೇಳುತ್ತದೆ. ಎರಡನೆಯದು (ಎಕ್ಸ್ − 3)² + 4, ಅಕ್ಷದ ಹತ್ತಿರವೇ ಬರುವುದಿಲ್ಲ. ಬಿ² − 4ಎಸಿ ಪ್ಲಸ್, ಸೊನ್ನೆ, ಮೈನಸ್ ಎಂದು ಹತ್ತನೇ ಕ್ಲಾಸಿನಲ್ಲಿ ಓದಿದ್ದು ಈ ಮೂರು ಚಿತ್ರಗಳನ್ನೇ.

ವಾಸ್ಕೋ_ಬಂದರು
ಆಹಾ. ಇಷ್ಟು ದಿನ ಅದು ಮೂರು ನಿಯಮ ಅಂದುಕೊಂಡು ಓದಿದ್ದೆ. ದೇವರು ಒಳ್ಳೆಯದು ಮಾಡಲಿ ಸರ್.

ವಿಜಯಪುರ_ಪುಣೆ
ವರ್ಗ ಪೂರ್ಣ ಮಾಡುವುದನ್ನು ಜಗತ್ತಿಗೆ ಕೊಟ್ಟವರು ನಮ್ಮ ಭಾಸ್ಕರಾಚಾರ್ಯರು. ನಮ್ಮ ವಿಜಯಪುರ ಜಿಲ್ಲೆಯವರು!

ಡೊಂಬಿವಲಿ_ರಾಯರು
ಭಾಸ್ಕರಾಚಾರ್ಯರು ದೊಡ್ಡವರು, ಎರಡು ಮಾತಿಲ್ಲ. ಆದರೆ ಆ ಉಪಾಯ ಅವರಿಗಿಂತ ಹಳೆಯದು. ಸಮೀಕರಣವನ್ನು 4ಎ ಇಂದ ಗುಣಿಸಿ ಎರಡೂ ಕಡೆ ಬಿ² ಕೂಡಿಸುವುದು ಶ್ರೀಧರಾಚಾರ್ಯರ ವಿಧಾನ ಎಂದು ಭಾಸ್ಕರರೇ ತಮ್ಮ 'ಬೀಜಗಣಿತ' ಗ್ರಂಥದಲ್ಲಿ ಹೆಸರು ಹೇಳಿ ಕೊಟ್ಟಿದ್ದಾರೆ. ಹಾಗೆ ಮಾಡಿದರೆ ಭಿನ್ನರಾಶಿ ಬರುವುದೇ ಇಲ್ಲ. ಮಕ್ಕಳಿಗೆ ಕಲಿಸಬೇಕಾದ ಉಪಾಯ.

ಕೋಥರೂಡ್_ಕನ್ನಡಿಗ
ವಿಜಯಪುರದವರೇ, ಊರಿನ ವಿಷಯದಲ್ಲಿ ಅವಸರ ಬೇಡ. ಅವರು ತಮ್ಮ ಊರು ಸಹ್ಯಾದ್ರಿಯ ಹತ್ತಿರದ ವಿಜ್ಜಡವಿಡ ಎಂದು ಬರೆದಿದ್ದಾರೆ. ಇಲ್ಲಿ ಮಹಾರಾಷ್ಟ್ರದವರು ಅದು ಚಾಳೀಸಗಾಂವ ಕಡೆಯದು ಎನ್ನುತ್ತಾರೆ. ಅಲ್ಲಿ ಪಾಟಣದಲ್ಲಿ 1207ರ ಶಾಸನವಿದೆ. ಮೊಮ್ಮಗ ಚಂಗದೇವ ಅಜ್ಜನ ಗ್ರಂಥಗಳ ಪಾಠ ನಡೆಯಲೆಂದು ಕಟ್ಟಿಸಿದ ಮಠದ ಶಾಸನ ಅದು.

ವಿಜಯಪುರ_ಪುಣೆ
ಮೊಮ್ಮಗ ಮಠ ಕಟ್ಟಿಸಿದ ಕೂಡಲೇ ಅಜ್ಜ ಅಲ್ಲೇ ಹುಟ್ಟಿದ ಹಾಗಾಗುತ್ತದೆಯೇನ್ರಿ? ನಮ್ಮಲ್ಲಿ ಬಿಜ್ಜರಗಿ ಅಂತ ಊರೇ ಇದೆ.

ಕೋಥರೂಡ್_ಕನ್ನಡಿಗ
ಬಿಜ್ಜರಗಿಯಿಂದ ಸಹ್ಯಾದ್ರಿ ಎಷ್ಟು ದೂರ ಅಂತ ನೀವೇ ಹೇಳಿ.

ಮಾತುಂಗಾ_ಮೇಷ್ಟ್ರು
ಜಗಳ ಬೇಡ. ಹೆಮ್ಮೆ ಪಡಲೇಬೇಕೆಂದರೆ ಮಹಾವೀರಾಚಾರ್ಯರಿದ್ದಾರೆ. 9ನೇ ಶತಮಾನದ ಗಣಿತಸಾರಸಂಗ್ರಹದ ಆರಂಭದಲ್ಲೇ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾರೆ. ಆ ರಾಷ್ಟ್ರಕೂಟರ ರಾಜ್ಯದಲ್ಲಿ ಇವತ್ತಿನ ಕರ್ನಾಟಕವೂ ಇತ್ತು, ಮಹಾರಾಷ್ಟ್ರವೂ ಇತ್ತು. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವರು ಬರೆದಿದ್ದಾರೆ. ರಾಯರು ಹೇಳಿದ ಮೂರನೇ ಚಿತ್ರ ಅಕ್ಷ ಮುಟ್ಟದಿರುವ ಕಾರಣ ಇದೇ. (ಎಕ್ಸ್ − 3)² = −4 ಆಗಬೇಕಲ್ಲ, ಹೇಗಾದೀತು?

ಪುಣೆ_ಸಿಇಟಿ
ಹಾಗಾದರೆ ಅವರೆಲ್ಲ ಗ್ರಾಫ್ ಇಲ್ಲದೆಯೇ ಬಿಡಿಸಿದರು ಅಂತಾಯಿತು. ಸಮೀಕರಣವನ್ನು ಗೆರೆಯಾಗಿ ನೋಡುವುದನ್ನು ಕಲಿಸಿದ ದೆಕಾರ್ತ್‌ನ ಪುಸ್ತಕ ಬಂದದ್ದೇ 1637ರಲ್ಲಿ. ಮತ್ತೆ ನಮಗೆ ಯಾಕೆ ಗ್ರಾಫ್?

ಡೊಂಬಿವಲಿ_ರಾಯರು
ಸಮೀಕರಣದ ಎರಡು ಉತ್ತರ ಮಾತ್ರ ಬೇಕಾದರೆ ಗ್ರಾಫ್ ಬೇಡ. ಎಕ್ಸ್² − 6ಎಕ್ಸ್ + 5 ಎಲ್ಲೆಲ್ಲಿ ಸೊನ್ನೆಗಿಂತ ಕಡಿಮೆ ಎಂದು ಕೇಳಿದರೆ? ಚಿತ್ರ ನೋಡಿದ ಕೂಡಲೇ 1ರಿಂದ 5ರ ಮಧ್ಯೆ ಎಂದು ಹೇಳಬಹುದು. ಅತಿ ಕಡಿಮೆ ಎಷ್ಟು? −4. ಎಲ್ಲಿಯವರೆಗೆ ಇಳಿಯುತ್ತದೆ, ಎಲ್ಲಿಂದ ಏರುತ್ತದೆ? ಫಂಕ್ಷನ್ ಪೂರ್ತಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಬೇಕಾದರೆ ಗ್ರಾಫ್ ಬೇಕು. ಮುಂದೆ ಕ್ಯಾಲ್ಕ್ಯುಲಸ್ ಬಂದಾಗ ಕೇಳುವುದೆಲ್ಲ ಇದೇ ಪ್ರಶ್ನೆ.

ಅಂಧೇರಿ_ರಿಕ್ಷಾ
ನಾನು ರಿಕ್ಷಾ ಓಡಿಸುವವನು, ಕುಂದಾಪುರದ ಕಡೆಯವನು. ಮಗ ಹನ್ನೊಂದರಲ್ಲಿದ್ದಾನೆ. ಅವನ ಪುಸ್ತಕದಲ್ಲಿ ತುಂಡು ತುಂಡು ಫಂಕ್ಷನ್ ಇದೆ. ನಮ್ಮ ಮೀಟರ್ ಅದೇ ಅಲ್ಲವೇ ಮಾರಾಯ್ರೇ? ಫೆಬ್ರವರಿ 2025ರಿಂದ ಮೊದಲ ಒಂದೂವರೆ ಕಿಲೋಮೀಟರಿಗೆ 26 ರೂಪಾಯಿ, ಆಮೇಲೆ ಕಿಲೋಮೀಟರಿಗೆ 17.14. ಮಗನಿಗೆ ಇದನ್ನೇ ಬರೆಯಲು ಹೇಳಿದೆ.

ಮಾತುಂಗಾ_ಮೇಷ್ಟ್ರು
ಅಣ್ಣಾ, ಇದಕ್ಕಿಂತ ಒಳ್ಳೆಯ ಲೆಕ್ಕ ಪುಸ್ತಕದಲ್ಲಿಲ್ಲ. 1.5ರವರೆಗೆ 26ರಲ್ಲಿ ಮಲಗಿದ ಗೆರೆ. ಆಮೇಲೆ 26 + 17.14(ಡಿ − 1.5), ಏರುವ ಗೆರೆ; ಡಿ ಎಂದರೆ ಓಡಿದ ಕಿಲೋಮೀಟರ್. 1.5ರಲ್ಲಿ ಎರಡೂ ಸೇರುತ್ತವೆ, ಮುರಿತ ಇಲ್ಲ, ಮೂಲೆ ಮಾತ್ರ. ಮಗನಿಗೆ ಇನ್ನೊಂದು ಕೇಳಿ. ಆ ಏರುವ ಗೆರೆಯನ್ನು ಹಿಂದಕ್ಕೆ ಎಳೆದರೆ ಸೊನ್ನೆ ಕಿಲೋಮೀಟರಿನಲ್ಲಿ ಎಷ್ಟು?

ಅಂಧೇರಿ_ರಿಕ್ಷಾ
ಹುಡುಗ ಲೆಕ್ಕ ಹಾಕಿದ. 29 ಪೈಸೆ. ಹೆಚ್ಚು ಕಡಿಮೆ ಸೊನ್ನೆಗೇ ಬಂತು.

ಡೊಂಬಿವಲಿ_ರಾಯರು
ಅಂದರೆ ಮೊದಲಿನಿಂದಲೂ ಕಿಲೋಮೀಟರಿಗೆ 17.14ರ ದರವೇ. 1.5ಕ್ಕೆ 25.71 ಆಗುತ್ತದೆ, 26 ಎಂದು ಹಿಡಿದಿದ್ದಾರೆ. ಗ್ರಾಫನ್ನು ಹಿಂದಕ್ಕೆ ಎಳೆದು ದರದ ಲೆಕ್ಕ ಹಿಡಿದ ನಿಮ್ಮ ಮಗನಿಗೆ ಶಾಭಾಸ್ ಹೇಳಿ ಅಣ್ಣ.

ಚಿಂಚವಡ_ಲೇತ್
ಗಾಡಿ ಮಾತು ಬಂತು, ಒಂದು ಹೇಳಿಬಿಡುತ್ತೇನೆ. ಬ್ರೇಕ್ ಹಾಕಿದ ಮೇಲೆ ಗಾಡಿ ಓಡುವ ದೂರ ವೇಗದ ವರ್ಗದಂತೆ ಏರುತ್ತದೆ. ಒಣ ರಸ್ತೆಯಲ್ಲಿ ಹಿಡಿತದ ಗುಣಾಂಕ 0.7 ಎಂದಿಟ್ಟುಕೊಂಡರೆ 50ರ ವೇಗಕ್ಕೆ ಸುಮಾರು 14 ಮೀಟರ್, 100ಕ್ಕೆ ಸುಮಾರು 56. ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು. ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇಯಲ್ಲಿ ಹಿಂದೆ ಅಂಟಿಕೊಂಡು ಬರುವವರಿಗೆ ಈ ಪ್ಯಾರಾಬೋಲಾ ತೋರಿಸಬೇಕು.

ನವಿ_ಮುಂಬಯಿ_99
ಮತ್ತೊಂದು ಡೌಟ್. ಅಸಿಂಪ್ಟೋಟನ್ನು ಗ್ರಾಫ್ ಯಾವತ್ತೂ ದಾಟುವುದಿಲ್ಲ ಅಂತ ನೋಟ್ಸ್‌ನಲ್ಲಿದೆ. ಸರಿನಾ?

ಬೋರಿವಲಿ_ಟ್ಯೂಷನ್
ನಿಂತ ಗೆರೆಯಾದರೆ ಅಲ್ಲಿ ಫಂಕ್ಷನ್ನಿಗೆ ಬೆಲೆಯೇ ಇರುವುದಿಲ್ಲ, ಆದ್ದರಿಂದ 1/ಎಕ್ಸ್ ಥರದವು ದಾಟಲಾರವು. ಮಲಗಿದ ಗೆರೆಯನ್ನು ದಾಟಬಹುದು. ಎಕ್ಸ್/(ಎಕ್ಸ್² + 1) ನೋಡಿ. ದೂರ ಹೋದಷ್ಟೂ ವೈ = 0ರ ಹತ್ತಿರ ಬರುತ್ತದೆ. ಆದರೆ ಮಧ್ಯದಲ್ಲಿ ಸೊನ್ನೆಯ ಮೇಲೇ ಹಾಯ್ದು ಹೋಗುತ್ತದೆ. ಮಲಗಿದ ಅಸಿಂಪ್ಟೋಟ್ ಹೇಳುವುದು ತುದಿಯ ಸುದ್ದಿ ಮಾತ್ರ. ನೋಟ್ಸ್‌ನ ಆ ಸಾಲು ಹೊಡೆದುಹಾಕಿ.

ಠಾಣೆ_ಅಮ್ಮ
ನಿನ್ನೆ ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತೆವು. 0.1, 0.01 ಅವಳೇ ಹಾಕಿದಳು. ಆಮೇಲೆ ನಾನು ಹೇಳದೆಯೇ 1/(ಎಕ್ಸ್ − 3) + 2 ಬರೆದಿದ್ದಾಳೆ. ನಿಂತ ಗೆರೆ ಎಕ್ಸ್ = 3, ಮಲಗಿದ ಗೆರೆ ವೈ = 2. ಎಕ್ಸ್ ಅಕ್ಷವನ್ನು 2.5ರಲ್ಲಿ, ವೈ ಅಕ್ಷವನ್ನು 5/3ರಲ್ಲಿ ದಾಟುತ್ತದಂತೆ. ಸರಿ ಇದೆಯಾ ನೋಡಿ ಮೇಷ್ಟ್ರೇ.

ಮಾತುಂಗಾ_ಮೇಷ್ಟ್ರು
ನಾಲ್ಕೂ ಸರಿ. ಬಹಳ ಸಂತೋಷ ಆಯಿತು. ಈಗ (2ಎಕ್ಸ್ − 5)/(ಎಕ್ಸ್ − 3) ಕೊಡಿ. ಡೆಸ್ಮಾಸ್ ಆಮೇಲೆ.

ಠಾಣೆ_ಅಮ್ಮ
ಅರ್ಧ ಬರೆದವಳು "ಇದು ಅದೇ ಗ್ರಾಫ್!" ಎಂದು ಕೂಗಿದಳು. ಭಾಗಾಕಾರ ಮಾಡಿ ನೋಡಿದರೆ 2, ಶೇಷ 1. ನನಗೂ ತೋರಿಸಿದಳು.

ಚೆಂಬೂರು_ಹುಡುಗ
ಸೂಪರ್ ಅಕ್ಕ. ಈಗಲಾದರೂ ಡೆಸ್ಮಾಸ್ ಕೊಡಿ ಅವಳಿಗೆ.

ವಾಸ್ಕೋ_ಬಂದರು
ರಾಯರೇ, ನನಗೆ ಮುಂದಿನ ಪಾಠ ಸೈನ್, ಕೊಸೈನ್. ಸರಿಸುವ ನಿಯಮ ಅಲ್ಲೂ ನಡೆಯುತ್ತಾ?

ಡೊಂಬಿವಲಿ_ರಾಯರು
ನಡೆಯುತ್ತದೆ. ಕೊಸೈನ್ ಗ್ರಾಫನ್ನು π/2 ಬಲಕ್ಕೆ ಸರಿಸಿ, ಏನು ಬರುತ್ತದೆ ನೋಡಿ. ಬರೆದ ಮೇಲೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಮಾತಾಡೋಣ.